ಸ್ಯಾಂಪಲ್ ಸೇಲ್: 600 ಡಾಲರ್‌ನ ಕೋಟು 150ಕ್ಕೆ ಸಿಕ್ಕರೆ ಉಳಿದದ್ದೆಷ್ಟು?

ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನಲ್ಲಿ ವಾರದ ದಿನ ಬೆಳಗ್ಗೆಯೇ ಯಾವುದೋ ಕಟ್ಟಡದ ಮುಂದೆ ಉದ್ದನೆಯ ಸಾಲು ಕಂಡರೆ, ಅದು ಸಿನಿಮಾ ಟಿಕೆಟ್ಟಿಗೋ ವೀಸಾಗೋ ಇರಬೇಕೆಂದಿಲ್ಲ. ಸ್ಯಾಂಪಲ್ ಸೇಲ್‌ಗೂ ಇರಬಹುದು. ಹೆಸರಾಂತ ವಿನ್ಯಾಸಕರ ಬಟ್ಟೆ, ಚೀಲ, ಚಪ್ಪಲಿಗಳು ಮೂರು ನಾಲ್ಕು ದಿನದ ಮಟ್ಟಿಗೆ ಅರ್ಧ, ಕಾಲು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ ಬೆಲೆಗೆ ಸಿಗುವ ಮಾರಾಟವಿದು. ಓದಲು, ಕೆಲಸ ಮಾಡಲು ನ್ಯೂಯಾರ್ಕ್, ನ್ಯೂಜೆರ್ಸಿ ಸೇರಿರುವ ನಮ್ಮವರಲ್ಲೂ ಇದರ ಸುದ್ದಿ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತದೆ. "600 ಡಾಲರ್‌ನ ಕೋಟು 150ಕ್ಕೆ ಸಿಕ್ಕಿತು, 450 ಡಾಲರ್ ಉಳಿಯಿತು" ಎನ್ನುವ ಮಾತು ಹುಟ್ಟುವುದು ಹೀಗೆ.

ಈ ಮಾತು ನಿಜವೇ? ಒಂದು ಸಾಲಿನ ಉತ್ತರ ಬೇಕೆಂದರೆ, 450 ಡಾಲರ್ ಉಳಿಯಿತೋ ಇಲ್ಲವೋ ಹೇಳಲು ಇನ್ನೂ ಕೆಲವು ವಿಷಯ ತಿಳಿಯಬೇಕು, 150 ಡಾಲರ್ ಹೋಗಿದ್ದಂತೂ ಖಂಡಿತ. ಆ "ಕೆಲವು ವಿಷಯ" ಏನೇನು ಎನ್ನುವುದನ್ನು ಒಂದೊಂದಾಗಿ ನೋಡೋಣ. ಮೊದಲ ಸಂಬಳದಲ್ಲಿ ಬಾಡಿಗೆ, ಕಲಿಕೆಯ ಸಾಲದ ಕಂತು, ಊರಿಗೆ ಕಳಿಸಬೇಕಾದ ಹಣ ಎಲ್ಲವನ್ನೂ ಹೊಂದಿಸುವವರಿಗೆ ಇದು ಬರೀ ಫ್ಯಾಷನ್ ಮಾತಲ್ಲ, ತಿಂಗಳ ಕೊನೆಯ ಮಾತು.

ಸ್ಯಾಂಪಲ್ ಎಂದರೆ ಏನು?

ಒಂದು ಉಡುಪು ಅಂಗಡಿಗೆ ಬರುವ ಎಷ್ಟೋ ತಿಂಗಳ ಮೊದಲೇ ಅದರ ಮಾದರಿಯೊಂದನ್ನು ಹೊಲಿಯಲಾಗುತ್ತದೆ. ಫ್ಯಾಷನ್ ಶೋನಲ್ಲಿ ರೂಪದರ್ಶಿ ತೊಡುವುದು, ಪತ್ರಿಕೆಯ ಫೋಟೋಗೆ ಹೋಗುವುದು, ಅಂಗಡಿಗಳ ಖರೀದಿದಾರರು ಮುಟ್ಟಿ ನೋಡಿ ಆರ್ಡರ್ ಕೊಡುವುದು ಇದೇ ಮಾದರಿಯನ್ನು. ಇದೇ ಸ್ಯಾಂಪಲ್. ಋತು ಮುಗಿದ ಮೇಲೆ ಇವು ವಿನ್ಯಾಸಕರ ಕಪಾಟಿನಲ್ಲಿ ಉಳಿಯುತ್ತವೆ. ನ್ಯೂಯಾರ್ಕ್‌ನಲ್ಲಿ ಏಳನೇ ಅವೆನ್ಯೂ ಸುತ್ತಮುತ್ತ, 34ನೇ ಬೀದಿಯಿಂದ 42ನೇ ಬೀದಿಯವರೆಗಿನ ಗಾರ್ಮೆಂಟ್ ಡಿಸ್ಟ್ರಿಕ್ಟ್ ಒಂದು ಕಾಲಕ್ಕೆ ಅಮೆರಿಕದ ಉಡುಪು ತಯಾರಿಕೆಯ ಕೇಂದ್ರವಾಗಿತ್ತು. ಅಲ್ಲಿನ ಶೋರೂಮುಗಳು ಜಾಗ ಖಾಲಿ ಮಾಡಲು ಈ ಮಾದರಿಗಳನ್ನು ಸಿಬ್ಬಂದಿಗೆ, ಪರಿಚಿತರಿಗೆ, ಆಮೇಲೆ ಬಾಯಿಮಾತಿನಿಂದ ತಿಳಿದು ಬಂದವರಿಗೆ ಮಾರತೊಡಗಿದವು.

ಇಲ್ಲಿಯೇ ಮೊದಲ ತಪ್ಪು ತಿಳಿವಳಿಕೆ ಇದೆ. ಇಂದಿನ ಸ್ಯಾಂಪಲ್ ಸೇಲ್‌ಗಳಲ್ಲಿ ಇರುವುದೆಲ್ಲ ಸ್ಯಾಂಪಲ್ ಅಲ್ಲ. ಹೆಚ್ಚಿನದು ಕಳೆದ ಋತುವಿನಲ್ಲಿ ಮಾರಾಟವಾಗದೆ ಉಳಿದ ಮಾಮೂಲಿ ಸರಕು. ಅಂಗಡಿಗಳು ವಾಪಸು ಕಳಿಸಿದ್ದು, ಆರ್ಡರ್ ರದ್ದಾದದ್ದು, ಒಂದೆರಡು ಅಳತೆಗಳಷ್ಟೇ ಮಿಕ್ಕಿದ್ದು ಇದರಲ್ಲಿ ಸೇರಿರುತ್ತದೆ. ನಿಜವಾದ ಸ್ಯಾಂಪಲ್ ಗುರುತಿಸುವುದು ಕಷ್ಟವೇನಲ್ಲ. ಅದು ರೂಪದರ್ಶಿಯ ಅಳತೆಯಲ್ಲಿರುತ್ತದೆ. ಹೆಂಗಸರ ಉಡುಪಾದರೆ ಸಾಮಾನ್ಯವಾಗಿ ಅಮೆರಿಕದ 2 ಅಥವಾ 4ನೇ ಅಳತೆ. ಮೈಯುದ್ದ ಹೆಚ್ಚು, ಸೊಂಟ ಸಣ್ಣ. ಹಲವರು ತೊಟ್ಟು ಬಿಚ್ಚಿದ್ದರಿಂದ ಅಲ್ಲಲ್ಲಿ ಮೇಕಪ್ಪಿನ ಕಲೆ, ಪಿನ್ನಿನ ತೂತು ಇರಬಹುದು. ಕೆಲವಕ್ಕೆ ಒಳಗಿನ ಲೇಬಲ್ಲೇ ಇರುವುದಿಲ್ಲ. ನಮ್ಮಲ್ಲಿ ಬಹುಪಾಲು ಜನರ ಮೈಗೆ ಅದು ಹೊಂದುವುದಿಲ್ಲ. ಹಾಗಾಗಿ ಉಳಿಕೆ ಸರಕು ಹೆಚ್ಚಿರುವುದು ಕೊಳ್ಳುವವರಿಗೆ ಕೆಟ್ಟ ಸುದ್ದಿಯೇನೂ ಅಲ್ಲ.

ಅಷ್ಟು ಅಗ್ಗಕ್ಕೆ ಮಾರಿದರೆ ಅವರಿಗೆ ನಷ್ಟವಲ್ಲವೇ?

ಫ್ಯಾಷನ್ ಎಂಬುದು ಹಣ್ಣಿನಂತೆ ಕೊಳೆಯದಿದ್ದರೂ ಹಳಸುವ ಸರಕು. ಚಳಿಗಾಲದ ಕೋಟು ಏಪ್ರಿಲ್‌ನಲ್ಲಿ ಉಳಿದುಕೊಂಡರೆ ಗೋದಾಮಿನ ಬಾಡಿಗೆ, ವಿಮೆ, ಹೂಡಿದ ಹಣದ ಬಡ್ಡಿ ಎಲ್ಲವೂ ಏರುತ್ತಲೇ ಹೋಗುತ್ತವೆ. ಅಂಗಡಿಯ ಬೆಲೆಯಲ್ಲಿ ಬಟ್ಟೆ, ಹೊಲಿಗೆಯ ಖರ್ಚಿನ ಜೊತೆಗೆ ಜಾಹೀರಾತು, ದುಬಾರಿ ಬೀದಿಯ ಬಾಡಿಗೆ, ಲಾಭ ಎಲ್ಲವೂ ಸೇರಿರುತ್ತದೆ. ಆದ್ದರಿಂದ ಕಾಲುಭಾಗದ ಬೆಲೆಗೆ ಮಾರಿದರೂ ಕೈಗೆ ಬರುವ ಹಣ, ಏನೂ ಬಾರದಿರುವುದಕ್ಕಿಂತ ಮೇಲು.

ಹಾಗಾದರೆ ತಮ್ಮ ಅಂಗಡಿಯಲ್ಲೇ ಬೆಲೆ ಇಳಿಸಬಹುದಲ್ಲ? ಅಲ್ಲಿ ಇಳಿಸಿದರೆ ನಾಳೆ ಪೂರ್ತಿ ಬೆಲೆಗೆ ಕೊಳ್ಳುವವರು ಕಾಯಲು ಶುರು ಮಾಡುತ್ತಾರೆ. ಈ ಭಯ ಎಷ್ಟಿದೆಯೆಂದರೆ, ಬ್ರಿಟನ್ನಿನ ಬರ್ಬೆರಿ ಸಂಸ್ಥೆ ಒಂದೇ ವರ್ಷದಲ್ಲಿ 2.86 ಕೋಟಿ ಪೌಂಡ್ ಮೌಲ್ಯದ ಮಾರಾಟವಾಗದ ಸರಕನ್ನು ನಾಶ ಮಾಡಿದ್ದು 2018ರಲ್ಲಿ ಹೊರಬಿತ್ತು. ಜನ ಸಿಟ್ಟಿಗೆದ್ದ ಮೇಲೆ, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆ ಪದ್ಧತಿ ನಿಲ್ಲಿಸುವುದಾಗಿ ಸಂಸ್ಥೆ ಹೇಳಿತು. ಫ್ರಾನ್ಸ್ 2020ರ ಕಾನೂನಿನ ಮೂಲಕ ಮಾರಾಟವಾಗದ ಬಟ್ಟೆಬರೆ ನಾಶ ಮಾಡುವುದನ್ನೇ ನಿಷೇಧಿಸಿತು. 2022ರಿಂದ ಅದು ಜಾರಿಯಲ್ಲಿದೆ.

ಸುಡುವುದಕ್ಕೂ ಅಂಗಡಿಯಲ್ಲೇ ಅಗ್ಗ ಮಾಡುವುದಕ್ಕೂ ನಡುವಿನ ದಾರಿ ಸ್ಯಾಂಪಲ್ ಸೇಲ್. ಬೇರೆ ಕಟ್ಟಡ, ಬೆರಳೆಣಿಕೆಯ ದಿನ, ತಂತಿಗೆ ನೇತುಹಾಕಿದ ಬಟ್ಟೆ, ಬಟ್ಟೆ ಬದಲಿಸುವ ಕೋಣೆ ಇಲ್ಲ, ಇದ್ದರೂ ಎಲ್ಲರಿಗೂ ಒಂದೇ, ವಾಪಸಾತಿ ಇಲ್ಲ. ಈ ತೊಂದರೆಗಳೆಲ್ಲ ಬರೀ ಖರ್ಚು ಉಳಿಸಲು ಇರುವುದಲ್ಲ. ದುಡ್ಡಿದ್ದು ಸಮಯವಿಲ್ಲದವರು ಈ ಸಾಲಿನಲ್ಲಿ ನಿಲ್ಲುವುದಿಲ್ಲ, ಅವರು ಅಂಗಡಿಯಲ್ಲೇ ಪೂರ್ತಿ ಬೆಲೆ ಕೊಡುತ್ತಾರೆ. ಸಮಯವಿದ್ದು ಅಷ್ಟು ದುಡ್ಡಿಲ್ಲದವರು ಸಾಲಿನಲ್ಲಿ ನಿಲ್ಲುತ್ತಾರೆ. ಹೀಗೆ ಒಂದೇ ಕೋಟಿಗೆ ಎರಡು ಬೆಲೆ, ಎರಡು ಬಗೆಯ ಗಿರಾಕಿ. ಅರ್ಥಶಾಸ್ತ್ರದಲ್ಲಿ ಇದನ್ನು ಬೆಲೆ ತಾರತಮ್ಯ ಎನ್ನುತ್ತಾರೆ. ಅಂದರೆ ಸಾಲಿನಲ್ಲಿ ನಿಂತ ಸಮಯವೂ ಬೆಲೆಯ ಒಂದು ಭಾಗ. 2025ರಲ್ಲಿ ನ್ಯೂಯಾರ್ಕ್ ನಗರದ ಕನಿಷ್ಠ ಕೂಲಿ ಗಂಟೆಗೆ 16.50 ಡಾಲರ್ ಇತ್ತು. ಆ ಲೆಕ್ಕದಲ್ಲಿ ಎರಡು ಗಂಟೆ ನಿಂತವರು 33 ಡಾಲರ್ ಮೊದಲೇ ಕೊಟ್ಟಂತೆ.

ಈ ವ್ಯಾಪಾರ ಹೊಸದಲ್ಲ

ಬಾಸ್ಟನ್ ನಗರದ ಫೈಲೀನ್ಸ್ ಬೇಸ್‌ಮೆಂಟ್ 1909ರಲ್ಲಿ ಶುರುವಾಯಿತು. ಅಲ್ಲಿ ಪ್ರತಿ ವಸ್ತುವಿನ ಮೇಲೂ ಅದು ಬಂದ ದಿನಾಂಕ ಇರುತ್ತಿತ್ತು. 12 ಮಾರಾಟದ ದಿನ ಕಳೆದರೆ ಬೆಲೆ ಶೇ. 25 ಇಳಿಯುತ್ತಿತ್ತು, 18 ದಿನಕ್ಕೆ ಶೇ. 50, 24 ದಿನಕ್ಕೆ ಶೇ. 75. ಮೂವತ್ತು ದಿನವಾದರೂ ಹೋಗದಿದ್ದರೆ ದಾನಕ್ಕೆ. ಕಾದರೆ ಅಗ್ಗ, ಆದರೆ ಬೇರೆಯವರು ಎತ್ತಿಕೊಂಡು ಹೋಗಬಹುದು. ಇಂದಿನ ಸ್ಯಾಂಪಲ್ ಸೇಲ್‌ಗಳೂ ಬಹುಮಟ್ಟಿಗೆ ಇದೇ ಲಯದಲ್ಲಿ ನಡೆಯುತ್ತವೆ. ಮೊದಲ ದಿನ ಆಯ್ಕೆ ಹೆಚ್ಚು, ಕೊನೆಯ ದಿನ ಬೆಲೆ ಕಡಿಮೆ.

ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ 1921ರಲ್ಲಿ ಫ್ರೀಡಾ ಲೋಮನ್ ತೆರೆದ ಲೋಮನ್ಸ್ ಅಂಗಡಿ, ಏಳನೇ ಅವೆನ್ಯೂವಿನ ತಯಾರಕರಿಂದ ಉಳಿಕೆ ಸರಕನ್ನು ನಗದು ಕೊಟ್ಟು ತಂದು ಮಾರಿತು. ಮ್ಯಾನ್‌ಹಟನ್‌ನಲ್ಲಿ 1961ರಲ್ಲಿ ಶುರುವಾದ ಸೆಂಚುರಿ 21 ಇದೇ ದಾರಿ ಹಿಡಿಯಿತು. ಫೈಲೀನ್ಸ್ ಬೇಸ್‌ಮೆಂಟ್ 2011ರಲ್ಲಿ, ಲೋಮನ್ಸ್ 2014ರಲ್ಲಿ ಮುಚ್ಚಿದವು. 2020ರಲ್ಲಿ ಬಾಗಿಲು ಹಾಕಿದ ಸೆಂಚುರಿ 21 ಮತ್ತೆ 2023ರಲ್ಲಿ ತೆರೆಯಿತು.

ಔಟ್‌ಲೆಟ್‌ನಲ್ಲಿ ಸಿಗುವುದೂ ಅದೇ ಬಟ್ಟೆಯೇ?

ಎಷ್ಟೋ ಸಲ ಅಲ್ಲ. ಇದು ಎರಡನೇ ತಪ್ಪು ತಿಳಿವಳಿಕೆ, ಮೊದಲನೆಯದಕ್ಕಿಂತ ದುಬಾರಿ. ನಗರದಿಂದ ಗಂಟೆಯ ದೂರದಲ್ಲಿರುವ ಔಟ್‌ಲೆಟ್ ಮಾಲ್‌ಗಳು ಮೊದಲಿಗೆ ಉಳಿಕೆ ಸರಕನ್ನೇ ಮಾರುತ್ತಿದ್ದವು. ಜನ ಹೆಚ್ಚಾದಂತೆ ಉಳಿಕೆ ಸಾಲದಾಯಿತು. ಹಾಗಾಗಿ ಅನೇಕ ಬ್ರ್ಯಾಂಡ್‌ಗಳು ಔಟ್‌ಲೆಟ್‌ಗೆಂದೇ ಬೇರೆ ಸರಕು ತಯಾರಿಸುತ್ತವೆ. ಹೆಸರು ಅದೇ, ಆದರೆ ಬಟ್ಟೆ ತೆಳು, ಅಸ್ತರಿ ಇಲ್ಲ, ಗುಂಡಿ, ಜಿಪ್ಪು ಅಗ್ಗದ್ದು. ಇದು ಕಾನೂನುಬಾಹಿರವೇನಲ್ಲ. ತೊಂದರೆ ಇರುವುದು ಚೀಟಿಯಲ್ಲಿ. ಆ ವಸ್ತು ಪೂರ್ತಿ ಬೆಲೆಗೆ ಎಲ್ಲೂ ಮಾರಾಟಕ್ಕೇ ಇರದಿದ್ದರೆ, ಹೊಡೆದುಹಾಕಿದ "ಮೂಲ ಬೆಲೆ" ಎಲ್ಲಿಂದ ಬಂತು?

2014ರ ಜನವರಿಯಲ್ಲಿ ಅಮೆರಿಕದ ನಾಲ್ವರು ಸಂಸದರು ಇದೇ ಪ್ರಶ್ನೆಯನ್ನು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್‌ಗೆ ಪತ್ರ ಬರೆದು ಕೇಳಿದರು. ಔಟ್‌ಲೆಟ್ ಚೀಟಿಗಳ ಬಗ್ಗೆ ಗ್ರಾಹಕರು ಹೂಡಿದ ಮೊಕದ್ದಮೆಯೊಂದನ್ನು ಮೈಕಲ್ ಕೋರ್ಸ್ ಸಂಸ್ಥೆ 2015ರಲ್ಲಿ ತಪ್ಪು ಒಪ್ಪಿಕೊಳ್ಳದೆ ಸುಮಾರು 49 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಅಲ್ಲಿನ ಮಾರ್ಗಸೂಚಿ ಸ್ಪಷ್ಟವಾಗಿಯೇ ಇದೆ: ಹಳೆಯ ಬೆಲೆ ಎಂದು ತೋರಿಸುವುದು, ಆ ವಸ್ತುವನ್ನು ಪ್ರಾಮಾಣಿಕವಾಗಿ, ಸಾಕಷ್ಟು ದಿನ ಜನರಿಗೆ ಮಾರಾಟಕ್ಕಿಟ್ಟ ಬೆಲೆಯಾಗಿರಬೇಕು.

ಹೊಡೆದುಹಾಕಿದ ಬೆಲೆ ನಮ್ಮ ತಲೆಯಲ್ಲಿ ಮಾಡುವ ಕೆಲಸ

ಕೋಟಿನ ಚೀಟಿಯಲ್ಲಿ 150 ಎಂದಷ್ಟೇ ಇದ್ದರೆ "150 ಡಾಲರ್ ಕೊಡಬಹುದೇ?" ಎಂದು ಯೋಚಿಸುತ್ತೇವೆ. 600 ಹೊಡೆದು 150 ಬರೆದಿದ್ದರೆ ಪ್ರಶ್ನೆಯೇ ಬದಲಾಗುತ್ತದೆ: "450 ಡಾಲರ್ ಬಿಟ್ಟುಕೊಡಬಹುದೇ?"

ಇದಕ್ಕೆ ಮನೋವಿಜ್ಞಾನದಲ್ಲಿ ಲಂಗರು ಪರಿಣಾಮ ಎಂಬ ಹೆಸರಿದೆ. ಏಮಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ 1974ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಬಹಳ ಪ್ರಸಿದ್ಧ. ಜನರ ಎದುರು ಸಂಖ್ಯೆಗಳಿರುವ ಚಕ್ರ ತಿರುಗಿಸಲಾಯಿತು. ಅದು 10 ಅಥವಾ 65ಕ್ಕೆ ಮಾತ್ರ ನಿಲ್ಲುವಂತೆ ಮೊದಲೇ ಹೊಂದಿಸಿತ್ತು. ಆಮೇಲೆ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳ ಪಾಲು ಶೇಕಡಾ ಎಷ್ಟು ಎಂದು ಕೇಳಿದರು. 10 ಕಂಡವರ ಮಧ್ಯಮ ಉತ್ತರ 25. 65 ಕಂಡವರದು 45. ಚಕ್ರಕ್ಕೂ ಆಫ್ರಿಕಾಗೂ ಏನೂ ಸಂಬಂಧವಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಮೊದಲು ಕಂಡ ಸಂಖ್ಯೆ ಲಂಗರಿನಂತೆ ಊಹೆಯನ್ನು ತನ್ನ ಬಳಿ ಕಟ್ಟಿಹಾಕಿತು. ಸಂಬಂಧವೇ ಇಲ್ಲದ ಸಂಖ್ಯೆ ಇಷ್ಟು ಮಾಡಿದರೆ, ಅದೇ ಕೋಟಿನ ಚೀಟಿಯ ಮೇಲಿರುವ 600 ಎಷ್ಟು ಮಾಡೀತು?

ಇನ್ನೊಂದು ವಿವರಣೆ ರಿಚರ್ಡ್ ಥೇಲರ್ ಅವರದು. 1985ರಲ್ಲಿ ಅವರು ಹೇಳಿದ್ದಿಷ್ಟು: ಏನನ್ನಾದರೂ ಕೊಂಡಾಗ ನಮಗೆ ಎರಡು ಬಗೆಯ ತೃಪ್ತಿ ಸಿಗುತ್ತದೆ. ಒಂದು, ವಸ್ತುವಿನಿಂದ ಸಿಗುವುದು. ಇನ್ನೊಂದು, ವ್ಯಾಪಾರ ಲಾಭದ್ದಾಯಿತು ಎಂಬ ಭಾವನೆಯಿಂದ ಸಿಗುವುದು. ಕೋಟು ಬೆಚ್ಚಗಿಡುವುದು ಮೊದಲನೆಯದು. ಗೆಳೆಯರಿಗೆ "ಎಷ್ಟಕ್ಕೆ ಸಿಕ್ಕಿತು ಗೊತ್ತಾ?" ಎಂದು ಹೇಳುವುದು ಎರಡನೆಯದು. ಎರಡನೆಯದು ಸುಳ್ಳೇನಲ್ಲ, ಆ ಸಂತೋಷ ನಿಜವೇ. ಆದರೆ ಅದು ಹೆಚ್ಚು ದಿನ ಬಾಳುವುದಿಲ್ಲ. ಕಪಾಟಿನಲ್ಲಿ ಚೀಟಿ ಕೀಳದೆ ನೇತಾಡುವ ಬಟ್ಟೆಗಳು ಹೆಚ್ಚಾಗಿ ಈ ಎರಡನೇ ತೃಪ್ತಿಗಾಗಿ ಕೊಂಡವು.

ಮೂರನೆಯದು ಕೊರತೆ. 1975ರ ಒಂದು ಪ್ರಯೋಗದಲ್ಲಿ ಜನರಿಗೆ ಜಾಡಿಯಿಂದ ಬಿಸ್ಕತ್ತು ಕೊಟ್ಟರು. ಕೆಲವರ ಜಾಡಿಯಲ್ಲಿ ಹತ್ತು, ಕೆಲವರದರಲ್ಲಿ ಎರಡೇ. ಎರಡೇ ಇದ್ದ ಜಾಡಿಯ ಬಿಸ್ಕತ್ತಿಗೆ ಜನ ಹೆಚ್ಚು ಬೆಲೆ ಕಟ್ಟಿದರು. ಕಣ್ಣೆದುರೇ ಹತ್ತು ಹೋಗಿ ಎರಡಾದಾಗ ಆಸೆ ಇನ್ನೂ ಹೆಚ್ಚಿತು. ಆದರೆ ರುಚಿ ಹೇಗಿದೆ ಎಂದು ಕೇಳಿದಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಸ್ಯಾಂಪಲ್ ಸೇಲ್‌ನಲ್ಲಿ ನಿಮ್ಮ ಅಳತೆಯದು ಒಂದೇ ಇದೆ, ಪಕ್ಕದವರ ಕೈ ಅದರತ್ತ ಚಾಚುತ್ತಿದೆ. ಆಗ ಮನಸ್ಸು "ಬೇಕೇ?" ಎಂದು ಕೇಳುವುದನ್ನು ಬಿಟ್ಟು "ತಪ್ಪಿಹೋದರೆ?" ಎಂದು ಕೇಳುತ್ತದೆ. ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ.

ರಿಯಾಯಿತಿಯನ್ನೇ ನಿಲ್ಲಿಸಿದರೆ?

ಅಮೆರಿಕದ ದೊಡ್ಡ ಅಂಗಡಿ ಸರಣಿ ಜೆಸಿ ಪೆನ್ನಿ 2012ರಲ್ಲಿ ಹಾಗೆಯೇ ಮಾಡಿತು. ಆಗಿನ ಮುಖ್ಯಸ್ಥ ರಾನ್ ಜಾನ್ಸನ್, ಬೆಲೆ ಏರಿಸಿ ಇಳಿಸುವ ನಾಟಕ ಬೇಡ, ದಿನವೂ ಕಡಿಮೆ ಬೆಲೆಯೇ ಇರಲಿ ಎಂದು ಕೂಪನ್‌ಗಳನ್ನೂ ಸೇಲ್‌ಗಳನ್ನೂ ಬಹುಮಟ್ಟಿಗೆ ತೆಗೆದುಹಾಕಿದರು. ಪ್ರಾಮಾಣಿಕ ಬೆಲೆಗೆ ಜನ ಮುಗಿಬೀಳಬೇಕಿತ್ತು. ಆದದ್ದು ಉಲ್ಟಾ. ಆ ವರ್ಷ ಮಾರಾಟ ಸುಮಾರು ಕಾಲುಭಾಗ ಕುಸಿಯಿತು, 98.5 ಕೋಟಿ ಡಾಲರ್ ನಷ್ಟವಾಯಿತು. 2013ರ ಏಪ್ರಿಲ್‌ನಲ್ಲಿ ಜಾನ್ಸನ್ ಹೊರಹೋದರು, ಸೇಲ್‌ಗಳು ವಾಪಸು ಬಂದವು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೂ, ಹೊಡೆದುಹಾಕಿದ ಬೆಲೆಯ ಆಟ ವ್ಯಾಪಾರಿಯೊಬ್ಬರದೇ ಅಲ್ಲ, ಆಡಲು ನಾವೂ ಒಪ್ಪಿರುತ್ತೇವೆ ಎನ್ನುವುದನ್ನು ಈ ಪ್ರಸಂಗ ತೋರಿಸುತ್ತದೆ.

ಚೀಟಿಯ ಲೆಕ್ಕ, ಜೇಬಿನ ಲೆಕ್ಕ

"ಶೇ. 50 ರಿಯಾಯಿತಿ, ಅದರ ಮೇಲೆ ಇನ್ನೂ ಶೇ. 40" ಎಂದರೆ ಶೇ. 90 ಅಲ್ಲ. 600ರ ಅರ್ಧ 300. ಆ 300ರಲ್ಲಿ ಶೇ. 40 ಹೋದರೆ ಉಳಿಯುವುದು 180. ಅಂದರೆ ಒಟ್ಟು ರಿಯಾಯಿತಿ ಶೇ. 70. "ಎರಡು ಕೊಂಡರೆ ಒಂದು ಉಚಿತ" ಎಂಬುದು ಶೇ. 33 ರಿಯಾಯಿತಿ, ಅದೂ ನಿಮಗೆ ಮೂರೂ ಬೇಕಿದ್ದರೆ ಮಾತ್ರ.

ಅಮೆರಿಕದಲ್ಲಿ ಚೀಟಿಯ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ನ್ಯೂಯಾರ್ಕ್ ನಗರದಲ್ಲಿ ಮಾರಾಟ ತೆರಿಗೆ ಶೇ. 8.875. ಆದರೆ 110 ಡಾಲರ್‌ಗಿಂತ ಕಡಿಮೆ ಬೆಲೆಯ ಬಟ್ಟೆ, ಚಪ್ಪಲಿಗೆ ಈ ತೆರಿಗೆ ಇಲ್ಲ. ಇದು ಒಟ್ಟು ಬಿಲ್ಲಿಗಲ್ಲ, ಒಂದೊಂದು ವಸ್ತುವಿಗೆ ಅನ್ವಯಿಸುತ್ತದೆ. ಹಾಗಾಗಿ 109 ಡಾಲರ್‌ನ ಅಂಗಿ 109ಕ್ಕೇ ಸಿಗುತ್ತದೆ, 150ರ ಕೋಟು 163 ದಾಟುತ್ತದೆ. ಕೈಚೀಲಕ್ಕೆ ಈ ವಿನಾಯಿತಿ ಇಲ್ಲ.

ಇನ್ನು ಕ್ರೆಡಿಟ್ ಕಾರ್ಡ್. ಅಮೆರಿಕದಲ್ಲಿ ಕಾರ್ಡ್ ಬಾಕಿಯ ಸರಾಸರಿ ವಾರ್ಷಿಕ ಬಡ್ಡಿ ಇತ್ತೀಚಿನ ವರ್ಷಗಳಲ್ಲಿ ಶೇ. 20 ಮೀರಿದೆ. ಸೇಲ್‌ನಲ್ಲಿ 600 ಡಾಲರ್ ಖರ್ಚು ಮಾಡಿ, ಶೇ. 21ರ ಬಡ್ಡಿಯಲ್ಲಿ ಬಾಕಿ ಒಂದು ವರ್ಷ ಹಾಗೇ ಉಳಿದರೆ ಬಡ್ಡಿಯೇ 126 ಡಾಲರ್‌ಗಿಂತ ಹೆಚ್ಚು. ಚೀಟಿಯ ಮೇಲೆ ಸಿಕ್ಕ ರಿಯಾಯಿತಿ ಬ್ಯಾಂಕಿನ ಪಾಲಾಗುವುದು ಹೀಗೆ.

ಉಳಿತಾಯ ಅಳೆಯಲು ಸುಲಭ ದಾರಿಯೊಂದಿದೆ: ಬೆಲೆಯನ್ನು, ಎಷ್ಟು ಸಲ ತೊಡುತ್ತೀರಿ ಎಂಬುದರಿಂದ ಭಾಗಿಸಿ. ತೆರಿಗೆ ಸೇರಿ 163 ಡಾಲರ್‌ನ ಕೋಟನ್ನು ಎರಡು ಚಳಿಗಾಲದಲ್ಲಿ ನೂರು ಸಲ ತೊಟ್ಟರೆ, ಸಲಕ್ಕೆ ಒಂದೂಮುಕ್ಕಾಲು ಡಾಲರ್ ಕೂಡ ಆಗುವುದಿಲ್ಲ. 60 ಡಾಲರ್‌ನ ರೇಷ್ಮೆ ಮೇಲುಡುಪನ್ನು ಎರಡೇ ಸಲ ತೊಟ್ಟರೆ ಸಲಕ್ಕೆ 30 ಡಾಲರ್. ಇಲ್ಲಿ ಹೆಚ್ಚು ರಿಯಾಯಿತಿ ಸಿಕ್ಕಿದ್ದು ಯಾವುದಕ್ಕೆ ಎನ್ನುವುದು ಮುಖ್ಯವಾಗುವುದೇ ಇಲ್ಲ.

ಬೆಂಗಳೂರಿಗೂ ಇದಕ್ಕೂ ನಂಟಿದೆ

ಅಮೆರಿಕ, ಯೂರೋಪಿನ ಅಂಗಡಿಗಳಲ್ಲಿ ತೂಗುಹಾಕಿದ ಎಷ್ಟೋ ಉಡುಪುಗಳು ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಕಾರ್ಖಾನೆಗಳಲ್ಲಿ ಹೊಲಿದವು. ಹೊಲಿದವರಲ್ಲಿ ಹೆಚ್ಚಿನವರು ಹೆಂಗಸರು. ಆರ್ಡರಿಗಿಂತ ಸ್ವಲ್ಪ ಹೆಚ್ಚು ಹೊಲಿಯುವುದು, ಸಣ್ಣ ದೋಷಕ್ಕೆ ತಿರಸ್ಕೃತವಾಗುವುದು ಈ ಉದ್ಯಮದಲ್ಲಿ ಮಾಮೂಲು. ಹಾಗೆ ಉಳಿದ ಸರಕೇ ನಮ್ಮೂರಿನ "ಎಕ್ಸ್‌ಪೋರ್ಟ್ ಸರ್‌ಪ್ಲಸ್" ಅಂಗಡಿಗಳಿಗೆ, ಲೇಬಲ್ ಕತ್ತರಿಸಿಕೊಂಡು, ಬರುತ್ತದೆ. ಇದು ಸ್ಯಾಂಪಲ್ ಸೇಲ್‌ನ ದಾಯಾದಿ. ಆದರೆ ಆ ಬೋರ್ಡು ಹಾಕಿದ ಅಂಗಡಿಯಲ್ಲಿ ಇರುವುದೆಲ್ಲ ರಫ್ತಿನ ಉಳಿಕೆ ಎಂದೇನಿಲ್ಲ. ಲೇಬಲ್ಲನ್ನು ಕತ್ತರಿಸುವುದು ಎಷ್ಟು ಸುಲಭವೋ ಹೊಲಿಯುವುದೂ ಅಷ್ಟೇ ಸುಲಭ.

ನಮ್ಮ ಆಷಾಢ ಸೇಲ್ ಅನ್ನೇ ನೋಡಿ. ಆಷಾಢದಲ್ಲಿ ಮದುವೆ, ಗೃಹಪ್ರವೇಶ ಇಲ್ಲ, ಬಟ್ಟೆ ವ್ಯಾಪಾರ ಮಂದ. ಮುಂದೆ ಶ್ರಾವಣಕ್ಕೆ ಹೊಸ ಸರಕು ಬರಬೇಕು, ಅದಕ್ಕೆ ಹಳೆಯದು ಖಾಲಿಯಾಗಬೇಕು. ಅಂದರೆ ಅಂಗಡಿಯವರು ಬೆಲೆ ಇಳಿಸಲು ನಮಗೆಲ್ಲ ಗೊತ್ತಿರುವ ಕಾರಣ ಒಂದಿದೆ. ವರ್ಷಪೂರ್ತಿ "ಇಂದೇ ಕೊನೆ" ಎಂದು ಕೂಗುವ ಸೇಲ್‌ಗೆ ಅಂಥ ಕಾರಣವಿಲ್ಲ.

ಕಾನೂನುಗಳೂ ಈ ವ್ಯತ್ಯಾಸವನ್ನು ಗುರುತಿಸತೊಡಗಿವೆ. ಯೂರೋಪಿಯನ್ ಒಕ್ಕೂಟದಲ್ಲಿ 2022ರ ಮೇ 28ರಿಂದ, ರಿಯಾಯಿತಿ ಘೋಷಿಸುವ ಅಂಗಡಿ ಅದಕ್ಕೂ ಹಿಂದಿನ ಕನಿಷ್ಠ 30 ದಿನಗಳಲ್ಲಿ ಇದ್ದ ಅತಿ ಕಡಿಮೆ ಬೆಲೆಯನ್ನು ತೋರಿಸಬೇಕು. ಹಬ್ಬಕ್ಕೆ ಮುಂಚೆ ಬೆಲೆ ಏರಿಸಿ ಹಬ್ಬದಂದು ಇಳಿಸುವ ಚಾಳಿಗೆ ಇದು ಕಡಿವಾಣ. ಭಾರತದಲ್ಲಿ 2023ರ ನವೆಂಬರ್ 30ರಂದು ಬಂದ ಮಾರ್ಗಸೂಚಿ ಆನ್‌ಲೈನ್ ವ್ಯಾಪಾರದ 13 ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿದೆ. "ಎರಡೇ ಉಳಿದಿವೆ" ಎಂದು ಸುಳ್ಳು ಅವಸರ ಹುಟ್ಟಿಸುವುದು ಅವುಗಳಲ್ಲೊಂದು. ನಮ್ಮಲ್ಲಿ ಪೊಟ್ಟಣದ ಮೇಲೆ ಎಂಆರ್‌ಪಿ ಕಡ್ಡಾಯ. ಅದು ಗರಿಷ್ಠ ಬೆಲೆಯೇ ಹೊರತು ವಸ್ತುವಿನ ಮೌಲ್ಯವಲ್ಲ. ಎಂಆರ್‌ಪಿಗಿಂತ ಶೇ. 60 ಕಡಿಮೆ ಎಂದರೆ ಎಂಆರ್‌ಪಿಯೇ ಬಹಳ ಹೆಚ್ಚಿತ್ತು ಎಂದೂ ಆಗಬಹುದು.

ಹೋಗುವ ಮುನ್ನ

ಹಾಗಾದರೆ ಸ್ಯಾಂಪಲ್ ಸೇಲ್‌ಗೆ ಹೋಗಲೇಬಾರದೇ? ಹೋಗಬಹುದು. ಒಳ್ಳೆಯ ಉಣ್ಣೆಯ ಕೋಟು, ಗಟ್ಟಿ ಬೂಟು ನಿಜಕ್ಕೂ ಅಗ್ಗವಾಗಿ ಸಿಗುವ ಜಾಗ ಅದು. ಹೋಗುವ ಮುನ್ನ ಕೆಲವು ವಿಷಯ ನೆನಪಿರಲಿ.

ಏನು ಬೇಕು, ಎಷ್ಟು ಖರ್ಚು ಮಾಡಬಹುದು ಎಂದು ಮನೆಯಲ್ಲೇ ಬರೆದುಕೊಳ್ಳಿ. ಸಾಲಿನಲ್ಲಿ ನಿಂತ ಮೇಲೆ ಬರೆಯುವ ಪಟ್ಟಿ ಉದ್ದವಾಗುತ್ತದೆ. ಮೈಗಂಟುವ ತೆಳು ಉಡುಪು ತೊಟ್ಟು ಹೋದರೆ ಅದರ ಮೇಲೇ ತೊಟ್ಟು ನೋಡಬಹುದು.

ಹೊಲಿಗೆ, ಜಿಪ್ಪು, ಕಂಕುಳ, ಅಸ್ತರಿಯನ್ನು ಬೆಳಕಿನಲ್ಲಿ ನೋಡಿ. ಬಹುಪಾಲು ಕಡೆ ವಾಪಸಾತಿ ಇರುವುದಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ವಾಪಸಾತಿ ನಿಯಮವನ್ನು ಅಂಗಡಿಯಲ್ಲಿ ಕಾಣುವಂತೆ ಹಾಕಬೇಕು. ಹಾಕಿಲ್ಲದಿದ್ದರೆ, ಬಳಸದ ವಸ್ತುವನ್ನು ರಸೀದಿಯೊಂದಿಗೆ 30 ದಿನದೊಳಗೆ ಮರಳಿಸುವ ಹಕ್ಕು ಗ್ರಾಹಕರಿಗಿದೆ. ಒಳಹೋಗುವಾಗ ಗೋಡೆಯ ಮೇಲೊಮ್ಮೆ ಕಣ್ಣಾಡಿಸಿ.

ಅದೇ ವಸ್ತು ಬೇರೆಡೆ ಎಷ್ಟಕ್ಕೆ ಮಾರಾಟವಾಗುತ್ತಿದೆ ಎಂದು ಫೋನಿನಲ್ಲಿ ಹುಡುಕಿ. ಎಲ್ಲೂ ಕಾಣದಿದ್ದರೆ ಆ "ಮೂಲ ಬೆಲೆ"ಯನ್ನು ನಂಬಬೇಡಿ.

ಕೊನೆಗೆ, ಹೊಡೆದುಹಾಕಿದ ಸಂಖ್ಯೆಯನ್ನು ಹೆಬ್ಬೆರಳಿನಿಂದ ಮುಚ್ಚಿ ಎರಡು ಪ್ರಶ್ನೆ ಕೇಳಿಕೊಳ್ಳಿ. ಇವರು ಬೆಲೆ ಇಳಿಸಲು ಕಾರಣ ಏನು? ಚೀಟಿಯಲ್ಲಿ ಈ ಒಂದೇ ಬೆಲೆ ಇದ್ದಿದ್ದರೆ ನಾನು ಕೊಳ್ಳುತ್ತಿದ್ದೆನೇ? ಎರಡಕ್ಕೂ ಸರಿಯಾದ ಉತ್ತರ ಸಿಕ್ಕರೆ ಕೋಟು ಕೊಳ್ಳಿ, ಚಳಿಗಾಲ ಬೆಚ್ಚಗಿರಲಿ. ಸಿಗದಿದ್ದರೆ ತಂತಿಗೇ ವಾಪಸು ನೇತುಹಾಕಿ. ಆಗ ಉಳಿಯುವುದು 450 ಡಾಲರ್ ಅಲ್ಲ, 150. ಆದರೆ ಅದು ನಿಮ್ಮ ಜೇಬಿನಲ್ಲೇ ಉಳಿಯುತ್ತದೆ.